ಓಡಬಲ್ಲ ಕಾಲು, ಓಡಲೊಲ್ಲದ ಮನಸ್ಸು

ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ನನಗೆ ಪ್ರತಿ ವರ್ಷವೂ ಒಂದೇ ಕೆಲಸ. ಗುರಿಗೆರೆಯ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು. ವಿಜ್ಞಾನದ ಮೇಷ್ಟ್ರಿಗೆ ಅಳತೆಯ ವಿಚಾರ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರ ನಂಬಿಕೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಸಿ ಒಂಬತ್ತನೇ ತರಗತಿಯ ಒಬ್ಬ ಹುಡುಗನನ್ನು ಕೂರಿಸಿದ್ದೆವು. ಅವನ ಕೈಗೆ ಒಂದು ನೋಟ್‌ಬುಕ್ಕು, ಪೆನ್ನು. ನಾನು ಹೇಳಿದ ಸೆಕೆಂಡುಗಳನ್ನು ಬರೆದುಕೊಳ್ಳುವುದು ಅವನ ಕೆಲಸ. ತಲೆಗೆ ಬಿಸಿಲು ತಾಗದಂತೆ ಟೋಪಿ, ಪಕ್ಕದಲ್ಲಿ ನೀರಿನ ಬಾಟಲಿ. ನಮ್ಮ ಕಾಳಜಿಯನ್ನು ನೆನೆದು ನಮಗೇ ಹೆಮ್ಮೆಯೆನಿಸಿತ್ತು.

ಹುಟ್ಟಿನಿಂದಲೇ ಆ ಹುಡುಗನ ಮೂತ್ರಪಿಂಡಗಳಲ್ಲಿ ದೋಷವಿತ್ತು. ವಾರಕ್ಕೆರಡು ಸಲ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ಕಡೆಗೆ ಬೆಂಗಳೂರಿನಲ್ಲಿ ಅವನ ತಾಯಿಯದೇ ಒಂದು ಮೂತ್ರಪಿಂಡವನ್ನು ಅವನಿಗೆ ಕಸಿ ಮಾಡಿದರು. ಅದಾಗಿ ಎರಡು ವರ್ಷ ಕಳೆದಿತ್ತು. ಹುಡುಗ ಮೈಕೈ ತುಂಬಿಕೊಂಡಿದ್ದ, ಪಾಠದಲ್ಲಿ ಚುರುಕಾಗಿದ್ದ. ಆದರೂ ಆಟದ ಪೀರಿಯಡ್‌ನಲ್ಲಿ ಅವನಿಗೆ ಮರದ ನೆರಳೇ ಗತಿಯಾಗಿತ್ತು.

ನೂರು ಮೀಟರ್ ಓಟ ಮುಗಿಯಿತು. ಸಮಯ ಬರೆದುಕೊಂಡವನು ತಲೆಯೆತ್ತದೆಯೇ ಕೇಳಿದ: ‘ಸಾರ್, ನನಗೆ ವಾಸಿಯಾಗಿ ಎರಡು ವರ್ಷ ಆಯ್ತು. ನಿಮಗೆಲ್ಲ ಯಾವಾಗ ವಾಸಿಯಾಗುತ್ತೆ?’

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ್ದೇನೆ. ಉತ್ತರ ತೋಚದೆ ನಿಂತ ಪ್ರಶ್ನೆಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಅದೇ ವಾರ ಅವನ ತಾಯಿಯನ್ನು ಶಾಲೆಗೆ ಕರೆಸಿ ಮಾತಾಡಿದೆ. ‘ವೈದ್ಯರು ಒಪ್ಪಿದರೆ ಹುಡುಗನನ್ನು ಸ್ವಲ್ಪ ಓಡಿಸೋಣವೇನಮ್ಮ?’ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಮೇಷ್ಟ್ರೇ, ಓಡಿ ಬಿದ್ದು ಅದಕ್ಕೇನಾದ್ರೂ ಆದ್ರೆ? ಮತ್ತೆ ಕೊಡೋಕೆ ನನ್ನತ್ರ ಇನ್ನೊಂದಿಲ್ವಲ್ಲ.’

ಈ ವಾರದ ಅಂಕಣ ಈ ಎರಡು ಮಾತುಗಳ ನಡುವಿನದು.

ಮಾವಿನ ಕಸಿ, ಮನುಷ್ಯನ ಕಸಿ

‘ಕಸಿ’ ನಮ್ಮ ರೈತರ ಮಾತು. ನಾಟಿ ಮಾವಿನ ಗಿಡದ ಕಾಂಡಕ್ಕೆ ಒಳ್ಳೆಯ ಜಾತಿಯ ಮಾವಿನ ಕಡ್ಡಿ ಸೇರಿಸಿ ಬಿಗಿಯಾಗಿ ಕಟ್ಟಿದರೆ ಕೆಲವು ವಾರಗಳಲ್ಲಿ ಎರಡೂ ಒಂದಾಗುತ್ತವೆ. ಬೇರು ಒಂದರದು, ಹಣ್ಣು ಇನ್ನೊಂದರದು. ಒಮ್ಮೆ ಹತ್ತಿಕೊಂಡರೆ ಆಮೇಲೆ ಜಗಳವಿಲ್ಲ.

ಮನುಷ್ಯನ ದೇಹ ಅಷ್ಟು ಸುಲಭದ್ದಲ್ಲ. ನಮ್ಮ ರಕ್ತದ ಬಿಳಿಯ ಕಣಗಳು ಸದಾ ಎಚ್ಚರವಿರುವ ಕಾವಲುಗಾರರು. ‘ಇದು ನಮ್ಮದು, ಇದು ಹೊರಗಿನದು’ ಎಂದು ಗುರುತಿಸುವುದೇ ಅವುಗಳ ಕೆಲಸ. ರೋಗಾಣು ಬಂದಾಗ ಈ ಗುಣ ನಮ್ಮನ್ನು ಕಾಪಾಡುತ್ತದೆ. ಆದರೆ ಕಸಿಯಾದ ಅಂಗವೂ ಅವುಗಳ ಕಣ್ಣಿಗೆ ಹೊರಗಿನದೇ. ತಾಯಿಯ ಅಂಗವಾದರೂ ಸರಿ, ಬಿಡುವುದಿಲ್ಲ. 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಮಾಡಿತು. ಅದು ಗೆದ್ದದ್ದಕ್ಕೆ ಒಂದು ಕಾರಣ, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದುದು. ಹಾಗಾಗಿ ಕಾವಲುಗಾರರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. 1967ರಲ್ಲಿ ದಕ್ಷಿಣ ಆಫ್ರಿಕದ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. 1994ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ವೇಣುಗೋಪಾಲ್ ಅವರು ಹೃದಯ ಕಸಿ ಮಾಡಿದರು. ಅದೇ ವರ್ಷ ಅಂಗಾಂಗ ಕಸಿಯ ಕಾಯಿದೆಯೂ ಬಂತು.

ಕಾವಲುಗಾರರನ್ನು ತುಸು ಮಂಕಾಗಿಸಲು ಕಸಿಯಾದವರು ದಿನವೂ, ನಿಗದಿತ ಹೊತ್ತಿಗೆ, ಮಾತ್ರೆ ನುಂಗಬೇಕು. ಟ್ಯಾಕ್ರೊಲಿಮಸ್, ಸೈಕ್ಲೊಸ್ಪೋರಿನ್, ಪ್ರೆಡ್ನಿಸೊಲೋನ್ ಮುಂತಾದ ಹೆಸರುಗಳನ್ನು ನಮ್ಮ ಹುಡುಗ ಧಾತುಗಳ ಸಂಕೇತಗಳಿಗಿಂತ ಚೆನ್ನಾಗಿ ಹೇಳುತ್ತಿದ್ದ. ಮಾತ್ರೆಗಳಿಗೆ ಅವುಗಳದೇ ಉಪದ್ರವಗಳಿವೆ. ಸೋಂಕು ಬೇಗ ತಗಲುತ್ತದೆ. ಬಿಸಿಲಿನಿಂದ ಚರ್ಮವನ್ನು ಕಾಯಬೇಕು. ಸ್ಟೆರಾಯ್ಡ್ ಬಹುಕಾಲ ತೆಗೆದುಕೊಂಡರೆ ಸ್ನಾಯು ಸೊರಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಮುಖ ದುಂಡಗಾಗುತ್ತದೆ.

ಸ್ನಾಯು ಮತ್ತು ಮೂಳೆ ಗಟ್ಟಿಯಾಗಲು ದಾರಿ ಯಾವುದು? ಮೈ ಬಗ್ಗಿಸಿ ಆಡುವುದು, ಓಡುವುದು! ಆದ್ದರಿಂದಲೇ ವೈದ್ಯರ ಒಪ್ಪಿಗೆಯ ಮಿತಿಯಲ್ಲಿ ವ್ಯಾಯಾಮ ಮಾಡುವುದು ಕಸಿಯಾದವರಿಗೆ ಎಲ್ಲರಿಗಿಂತ ಹೆಚ್ಚು ಅಗತ್ಯ. ನೆರಳಿನ ಕುರ್ಚಿ ಅವರಿಗೆ ಔಷಧವಲ್ಲ.

ಅವರಿಗೂ ಒಂದು ಒಲಿಂಪಿಕ್ಸ್

ಇದನ್ನು ಜಗತ್ತಿಗೆ ತೋರಿಸಲು ಹೊರಟವರು ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದ ಕಸಿ ಶಸ್ತ್ರವೈದ್ಯ ಮಾರಿಸ್ ಸ್ಲಾಪಾಕ್. 1978ರಲ್ಲಿ ಅವರು ಕಸಿಯಾದವರಿಗಾಗಿಯೇ ಒಂದು ಕ್ರೀಡಾಕೂಟ ಏರ್ಪಡಿಸಿದರು. ಬಂದವರು ಸುಮಾರು ನೂರು ಜನ. ಅದೇ ಬೆಳೆದು ಇಂದು ‘ವಿಶ್ವ ಟ್ರಾನ್ಸ್‌ಪ್ಲಾಂಟ್ ಕ್ರೀಡಾಕೂಟ’ವಾಗಿದೆ. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2019ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, 2023ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ, 2025ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ನಡೆಯಿತು. 2021ರದು ಕೊರೊನಾ ಕಾರಣದಿಂದ ರದ್ದಾಯಿತು. ಓಟ, ಈಜು, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಸೈಕಲ್ ಎಲ್ಲವೂ ಉಂಟು. ಕಸಿಯಾಗಿ ಕನಿಷ್ಠ ಒಂದು ವರ್ಷ ಆಗಿರಬೇಕು, ಅಂಗ ಸ್ಥಿರವಾಗಿ ಕೆಲಸ ಮಾಡುತ್ತಿರಬೇಕು, ವೈದ್ಯರ ಒಪ್ಪಿಗೆ ಇರಬೇಕು. ಭಾರತದ ತಂಡವೂ ಹೋಗಿ ಪದಕಗಳನ್ನು ತಂದಿದೆ. ತಮ್ಮ ಅಂಗ ಕೊಟ್ಟ ದಾನಿಗಳೂ ಅಲ್ಲಿ ಓಡುತ್ತಾರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಕಸಿಯ ನಂತರ ಸಾಮಾನ್ಯ ಕ್ರೀಡಾಪಟುಗಳೊಂದಿಗೇ ಸ್ಪರ್ಧಿಸಿದವರೂ ಇದ್ದಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಶಾನ್ ಎಲಿಯಟ್ 1999ರ ಆಗಸ್ಟ್‌ನಲ್ಲಿ ಅಣ್ಣನ ಮೂತ್ರಪಿಂಡ ಪಡೆದು, 2000ದ ಮಾರ್ಚ್‌ನಲ್ಲಿ ಮತ್ತೆ ಅಂಕಣಕ್ಕಿಳಿದರು. ಕ್ರಿಸ್ ಕ್ಲಗ್ ಎಂಬ ಸ್ನೋಬೋರ್ಡ್ ಪಟು 2000ದಲ್ಲಿ ಯಕೃತ್ತಿನ ಕಸಿ ಮಾಡಿಸಿಕೊಂಡು 2002ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಕ್ರೊಯೇಷಿಯದ ಫುಟ್‌ಬಾಲ್ ಆಟಗಾರ ಇವಾನ್ ಕ್ಲಾಸ್ನಿಚ್‌ಗೆ 2007ರಲ್ಲಿ ತಾಯಿ ಕೊಟ್ಟ ಮೂತ್ರಪಿಂಡ ಹತ್ತಲಿಲ್ಲ, ಕೆಲವೇ ವಾರಗಳಲ್ಲಿ ತಂದೆ ಕೊಟ್ಟದ್ದು ಹತ್ತಿತು. ಮರುವರ್ಷ ಅವರು ಯೂರೋ ಕಪ್‌ನಲ್ಲಿ ಗೋಲು ಹೊಡೆದರು.

ನನಗೆ ಎಲ್ಲರಿಗಿಂತ ಹೆಚ್ಚು ನೆನಪಾಗುವುದು ಏರಿಸ್ ಮೆರಿಟ್. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್ ಚಿನ್ನ, ಅದೇ ವರ್ಷ 12.80 ಸೆಕೆಂಡುಗಳ ವಿಶ್ವದಾಖಲೆ. ಆಮೇಲೆ ಅವರ ಮೂತ್ರಪಿಂಡಗಳು ಕೈಕೊಟ್ಟವು. 2015ರ ಆಗಸ್ಟ್‌ನಲ್ಲಿ ಬೀಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದಾಗ ಅವು ಕೆಲಸ ಮಾಡುತ್ತಿದ್ದುದು ಶೇಕಡಾ 20ಕ್ಕಿಂತ ಕಡಿಮೆ. ಆ ಸ್ಥಿತಿಯಲ್ಲೇ ಕಂಚು ಗೆದ್ದು, ನಾಲ್ಕೇ ದಿನಗಳಲ್ಲಿ ಅಕ್ಕನ ಮೂತ್ರಪಿಂಡ ಕಸಿ ಮಾಡಿಸಿಕೊಂಡರು. ಮರುವರ್ಷ ಒಲಿಂಪಿಕ್ಸ್‌ನ ಆಯ್ಕೆ ಓಟದಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ತಂಡಕ್ಕೆ ತಪ್ಪಿಹೋದರು. ಅಷ್ಟಕ್ಕೇ ಬಿಡಲಿಲ್ಲ. 2017ರ ವಿಶ್ವ ಚಾಂಪಿಯನ್‌ಷಿಪ್‌ನ ಅಂತಿಮ ಓಟದಲ್ಲಿ ಐದನೆಯವರಾಗಿ ಬಂದರು.

ಇಂಥ ಕಥೆಗಳನ್ನು ಹೇಳಿ ‘ನೋಡಪ್ಪಾ, ಅವರು ಓಡಿದರು, ನೀನೂ ಓಡು’ ಎಂದುಬಿಡುವುದು ನಮ್ಮಂಥ ಮೇಷ್ಟ್ರುಗಳ ಅಭ್ಯಾಸ. ನಾನೂ ನಮ್ಮ ಹುಡುಗನಿಗೆ ಹಾಗೇ ಹೇಳಿದೆ. ಒಂದು ಸಂಜೆ, ಯಾರೂ ಇಲ್ಲದಾಗ, ಮೈದಾನಕ್ಕೆ ಕರೆದು ‘ನಡಿ, ಒಂದು ಸುತ್ತು’ ಎಂದೆ. ಕೂತಲ್ಲಿಂದ ಅಷ್ಟು ಮಾತಾಡಿದ್ದವನು ಹತ್ತು ಹೆಜ್ಜೆ ಹಾಕಿ, ಬಲಗೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟುಕೊಂಡು ನಿಂತುಬಿಟ್ಟ. ಕಾಲಿಗೆ ಏನೂ ಆಗಿರಲಿಲ್ಲ. ವೈದ್ಯರನ್ನು ಕೇಳದೆ, ಯಾವ ಸಿದ್ಧತೆಯೂ ಇಲ್ಲದೆ ಅವನನ್ನು ಓಡಿಸಲು ಹೋದದ್ದು ನನ್ನ ತಪ್ಪು. ಮರದ ನೆರಳಿನಲ್ಲಿ ಕೂರಿಸಿದ್ದಕ್ಕಿಂತ ಇದೇ ದೊಡ್ಡ ತಪ್ಪು.

ಮನಸ್ಸಿನ ಗಂಟುಗಳು

ಕ್ರೀಡಾ ಮನೋವಿಜ್ಞಾನ ಹೊಸ ಶಾಸ್ತ್ರವೇನಲ್ಲ. 1898ರಲ್ಲೇ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಸೈಕಲ್ ಸ್ಪರ್ಧೆಗಳ ದಾಖಲೆಗಳನ್ನು ನೋಡಿ, ಒಂಟಿಯಾಗಿ ತುಳಿಯುವವರಿಗಿಂತ ಜೊತೆಯಲ್ಲಿ ತುಳಿಯುವವರು ವೇಗವಾಗಿ ಹೋಗುತ್ತಾರೆಂದು ಗಮನಿಸಿದ್ದರು. 2011ರಲ್ಲಿ ನಮ್ಮ ಕ್ರಿಕೆಟ್ ತಂಡ ವಿಶ್ವಕಪ್ ಗೆದ್ದಾಗ ಜೊತೆಯಲ್ಲಿ ಪ್ಯಾಡಿ ಅಪ್ಟನ್ ಎಂಬ ಮಾನಸಿಕ ತರಬೇತುದಾರರಿದ್ದುದು ಅನೇಕರಿಗೆ ನೆನಪಿರಬಹುದು. ಗೆಲ್ಲುವವರಿಗೇ ಅದು ಬೇಕೆಂದಾದರೆ, ಹೊಸ ಅಂಗ ಹೊತ್ತು ಹೊಸದಾಗಿ ಓಡಲು ಹೊರಟವರಿಗೆ ಬೇಡವೇ? ಅವರ ಮನಸ್ಸಿನಲ್ಲಿ ಏನೇನು ಗಂಟುಗಳಿರುತ್ತವೆಂದು ನೋಡೋಣ.

ಮೊದಲನೆಯದು ಭಯ. ಕಸಿಯಾದ ಮೂತ್ರಪಿಂಡವನ್ನು ಬೆನ್ನಿನ ಕಡೆ, ಪಕ್ಕೆಲುಬಿನ ಆಸರೆಯಲ್ಲಿ ಇಡುವುದಿಲ್ಲ. ಸಾಮಾನ್ಯವಾಗಿ ಹಳೆಯವನ್ನು ಅಲ್ಲೇ ಬಿಟ್ಟು, ಹೊಸದನ್ನು ಮುಂದೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಕೂರಿಸುತ್ತಾರೆ. ಕೈಯಿಟ್ಟರೆ ತಿಳಿಯುವಷ್ಟು ಹತ್ತಿರ. ನಮ್ಮ ಹುಡುಗ ಕೈ ಇಟ್ಟುಕೊಂಡದ್ದು ಅಲ್ಲೇ. ಈ ಭಯದಲ್ಲಿ ಅರ್ಧ ನಿಜ ಇದೆ. ಕಬಡ್ಡಿ, ಕುಸ್ತಿಯಂಥ ಮೈಗೆ ಮೈ ತಾಗುವ ಆಟಗಳು ಅಂಥವರಿಗೆ ಬೇಡವೆಂದೇ ವೈದ್ಯರು ಸಾಮಾನ್ಯವಾಗಿ ಹೇಳುವುದು. ಆದರೆ ಹಾವು ಕಂಡವನಿಗೆ ಹಗ್ಗವೂ ಹಾವೇ ಅಲ್ಲವೇ? ಕಬಡ್ಡಿಯ ಭಯ ನಡಿಗೆಗೂ ಹಬ್ಬಿಬಿಡುತ್ತದೆ.

ಎರಡನೆಯದು ಮೈಯ ಸೂಚನೆಗಳ ಗೊಂದಲ. ತುಸು ಆಯಾಸವಾದರೂ ‘ಅಂಗ ತಿರಸ್ಕಾರವಾಗುತ್ತಿದೆಯೋ ಏನೋ’ ಎಂಬ ಯೋಚನೆ. ಟ್ಯಾಕ್ರೊಲಿಮಸ್ ಮಾತ್ರೆಯಿಂದ ಕೆಲವರಿಗೆ ಕೈ ನಡುಗುತ್ತದೆ. ಓಟದ ಗೆರೆಯ ಮುಂದೆ ನಿಂತವನು ಅದನ್ನು ಹೆದರಿಕೆಯ ನಡುಕವೆಂದುಕೊಂಡು ಇನ್ನಷ್ಟು ಹೆದರುತ್ತಾನೆ. ಸ್ಟೆರಾಯ್ಡ್‌ನಿಂದ ನಿದ್ದೆ ಕೆಡಬಹುದು, ಸಿಟ್ಟು ಅಳು ಹತ್ತಿರವಾಗಬಹುದು. ‘ಇವನ ಸ್ವಭಾವವೇ ಕೆಟ್ಟಿತು’ ಎಂದು ಮನೆಯವರು ಬೈಯುತ್ತಾರೆ. ಸ್ವಭಾವವಲ್ಲ, ಮಾತ್ರೆ.

ಮೂರನೆಯದು ಋಣ. ‘ಅಮ್ಮ ಕೊಟ್ಟದ್ದನ್ನು ನಾನು ಹಾಳು ಮಾಡಿದರೆ?’ ಸತ್ತವರ ಅಂಗ ಪಡೆದವರಿಗೆ ಇದು ಇನ್ನೂ ಭಾರ. ತಾನು ಬದುಕಲು ಇನ್ನೊಬ್ಬರು ಸಾಯಬೇಕಾಯಿತು ಎಂಬ ತಪ್ಪು ಲೆಕ್ಕ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆ ಸಾವು ಬೇರೆ ಕಾರಣದಿಂದ ಆದದ್ದು, ದಾನ ಆಮೇಲೆ ಬಂದದ್ದು.

ನಾಲ್ಕನೆಯದು ಇದರ ತದ್ವಿರುದ್ಧ: ಅತಿಯಾದ ಧೈರ್ಯ. ‘ನಾನು ಎಲ್ಲರಂತೆ’ ಎಂದು ತೋರಿಸಲು ಜ್ವರವಿದ್ದರೂ ಓಡುವುದು, ಮಾತ್ರೆ ತಪ್ಪಿಸುವುದು. ಹದಿಹರೆಯದವರಲ್ಲಿ ಇದು ನಿಜವಾದ ಅಪಾಯ. ಮಾತ್ರೆ ತಪ್ಪಿಸಿದ್ದರಿಂದಲೇ ಅಂಗ ಕಳೆದುಕೊಂಡವರಿದ್ದಾರೆ.

ಹೃದಯದ ಒಂದು ಸೋಜಿಗ

ವಿದ್ಯಾರ್ಥಿಗಳೇ, ಇಲ್ಲೊಂದು ಪುಟ್ಟ ಶರೀರಶಾಸ್ತ್ರ. ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ನಿಮ್ಮ ಎದೆ ಢವಗುಟ್ಟುತ್ತದಲ್ಲ, ಅದು ಹೇಗೆ? ಮಿದುಳಿನಿಂದ ಹೃದಯಕ್ಕೆ ಎರಡು ಬಗೆಯ ನರಗಳಿವೆ. ಒಂದು ವೇಗ ಹೆಚ್ಚಿಸುವುದು, ಇನ್ನೊಂದು ತಗ್ಗಿಸುವುದು. ಎತ್ತಿನ ಗಾಡಿಯವನ ಬಾರುಕೋಲು ಮತ್ತು ಹಗ್ಗ ಇದ್ದಂತೆ. ಯಾರೂ ಹಗ್ಗ ಹಿಡಿಯದೆ ಬಿಟ್ಟರೆ ಹೃದಯ ತನ್ನಷ್ಟಕ್ಕೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವೇಗಸ್ ಎಂಬ ನರ ಹಗ್ಗ ಜಗ್ಗಿ ಅದನ್ನು 70ರ ಆಸುಪಾಸಿಗೆ ಇಳಿಸಿಡುತ್ತದೆ.

ಹೃದಯ ಕಸಿ ಮಾಡುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯಲಾಗುವುದಿಲ್ಲ. ಹಾಗಾಗಿ ಹೊಸ ಹೃದಯ ಸುಮ್ಮನೆ ಕೂತಾಗಲೂ 90ರಿಂದ 110ರಷ್ಟು ಬಡಿಯುತ್ತದೆ. ಓಡಲು ಶುರು ಮಾಡಿದರೆ ತಕ್ಷಣ ವೇಗ ಹೆಚ್ಚುವುದಿಲ್ಲ. ಅಡ್ರಿನಲ್ ಗ್ರಂಥಿಯ ಅಡ್ರಿನಲಿನ್ ರಕ್ತದಲ್ಲಿ ಹರಿದು ಬಂದು ಸುದ್ದಿ ಮುಟ್ಟಿಸಬೇಕು. ಫೋನು ಹೋದ ಊರಿಗೆ ಟಪಾಲಿನಲ್ಲಿ ಸುದ್ದಿ ಹೋದಂತೆ! ಓಟ ನಿಂತ ಮೇಲೂ ಬಡಿತ ನಿಧಾನವಾಗಿಯೇ ಇಳಿಯುತ್ತದೆ. ಕೆಲವರಲ್ಲಿ ವರ್ಷಗಳ ನಂತರ ನರಗಳು ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯುವುದುಂಟು.

ಇದನ್ನು ತಿಳಿಯದ ಕ್ರೀಡಾಪಟು ‘ಓಡಿದರೂ ಎದೆ ಏಳುತ್ತಿಲ್ಲ, ನಿಂತರೂ ಇಳಿಯುತ್ತಿಲ್ಲ, ಏನೋ ಕೆಟ್ಟಿದೆ’ ಎಂದು ಗಾಬರಿಯಾಗುತ್ತಾನೆ. ತಿಳಿದವನು ಹತ್ತು ಹದಿನೈದು ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಓಡುತ್ತಾನೆ, ಓಡಿದ ಮೇಲೂ ಅಷ್ಟೇ ನಿಧಾನವಾಗಿ ಮೈ ತಣಿಸುತ್ತಾನೆ. ನಾಡಿಯನ್ನಷ್ಟೇ ನಂಬದೆ ‘ನನಗೆ ಎಷ್ಟು ಕಷ್ಟವಾಗುತ್ತಿದೆ?’ ಎಂದು ತನ್ನನ್ನೇ ಕೇಳಿಕೊಂಡು ಅಂಕ ಕೊಟ್ಟುಕೊಳ್ಳುತ್ತಾನೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿ ಇದಕ್ಕೆ 6ರಿಂದ 20ರವರೆಗಿನ ಒಂದು ಅಳತೆಪಟ್ಟಿ ಮಾಡಿದ್ದಾರೆ. 6 ಎಂದರೆ ಏನೂ ಶ್ರಮವಿಲ್ಲ, 13 ಎಂದರೆ ತುಸು ಕಷ್ಟ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. 6ರಿಂದಲೇ ಏಕೆ ಶುರು? ಆರೋಗ್ಯವಂತ ಯುವಕರಲ್ಲಿ ಆ ಅಂಕಿಯನ್ನು 10ರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೃದಯಬಡಿತ ಸಿಗುತ್ತದೆ. ಕಸಿಯಾದ ಹೃದಯಕ್ಕೆ ಈ ಗುಣಾಕಾರ ಹೊಂದದು, ಅಂಕ ಮಾತ್ರ ಉಪಯೋಗಕ್ಕೆ ಬರುತ್ತದೆ.

ಭಯ ಬಿಡಿಸುವುದರಲ್ಲಿ ಅರ್ಧ ಕೆಲಸ ಹೀಗೆ ವಿಷಯ ತಿಳಿಸುವುದೇ ಆಗಿದೆ. ಉಳಿದರ್ಧ ಅಭ್ಯಾಸ.

ಎರಡು ಏಣಿಗಳು

ನನ್ನ ಆ ಸಂಜೆಯ ಪ್ರಯೋಗ ಕೆಟ್ಟ ಮೇಲೆ ಹುಡುಗನ ತಾಯಿ ಮತ್ತು ನಾನು ಅವನನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆವು. ವೈದ್ಯರು ರಕ್ತದ ಕ್ರಿಯಾಟಿನಿನ್, ರಕ್ತದೊತ್ತಡ, ಹೃದಯ ಎಲ್ಲ ನೋಡಿ, ‘ಕಬಡ್ಡಿ ಬೇಡ. ಓಟಕ್ಕೆ ಅಡ್ಡಿಯಿಲ್ಲ, ಹಂತಹಂತವಾಗಿ’ ಎಂದರು. ಕಬಡ್ಡಿ ಬೇಡವೆಂದಾಗ ಹುಡುಗನ ಮುಖ ಬಾಡಿತು. ಅವನಿಗೆ ನಿಜವಾಗಿ ಬೇಕಾಗಿದ್ದುದು ಅದೇ ಎಂದು ನನಗೆ ಆಗಲೇ ತಿಳಿದದ್ದು. ಅಲ್ಲಿಂದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಕಳಿಸಿದರು.

ಆಕೆ ಮಾಡಿದ ಮೊದಲ ಕೆಲಸ ನನಗೆ ಆಶ್ಚರ್ಯ ತಂದಿತು. ಹುಡುಗನನ್ನು ಬಿಟ್ಟು ತಾಯಿಯನ್ನು ಮಾತಾಡಿಸಿದರು. ‘ಅವನು ಓಡುವಾಗ ನಿಮ್ಮ ಕಣ್ಣಿಗೆ ಏನು ಕಾಣಿಸುತ್ತದಮ್ಮಾ?’ ಎಂದು ಕೇಳಿದರು. ಆ ತಾಯಿ ಮೊದಲ ಬಾರಿಗೆ ಅತ್ತರು. ಎರಡು ವರ್ಷಗಳಲ್ಲಿ ಎಲ್ಲರೂ ಹುಡುಗನ ಆರೋಗ್ಯ ಕೇಳಿದ್ದೆವು. ಒಂದು ಅಂಗ ಕೊಟ್ಟು ಬಂದ ಆಕೆಯನ್ನು ‘ನೀವು ಹೇಗಿದ್ದೀರಿ?’ ಎಂದು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಎರಡು ಏಣಿ ಬರೆದರು. ಒಂದು ಮಗನದು, ಒಂದು ತಾಯಿಯದು. ಮಗನ ಮೊದಲ ಮೆಟ್ಟಿಲು ಮೈದಾನದ ಸುತ್ತ ನಡೆಯುವುದು. ಎರಡನೆಯದು ಬಿರುಸಾದ ನಡಿಗೆ. ಮೂರನೆಯದು ಒಂದು ಬದಿ ಓಟ, ಮೂರು ಬದಿ ನಡಿಗೆ. ನಾಲ್ಕನೆಯದು ಒಬ್ಬ ಗೆಳೆಯನ ಜೊತೆ ಓಟ. ಐದನೆಯದು ಸ್ಪರ್ಧೆ. ಒಂದು ಮೆಟ್ಟಿಲಿನಲ್ಲಿ ಭಯ ಅರ್ಧಕ್ಕೆ ಇಳಿಯುವವರೆಗೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ತಾಯಿಯ ಮೊದಲ ಮೆಟ್ಟಿಲು ಮೈದಾನದೊಳಗೇ ನಿಂತು ನೋಡುವುದು. ಎರಡನೆಯದು ಗೇಟಿನ ಬಳಿ. ಮೂರನೆಯದು ಮನೆಯಲ್ಲಿ ತನ್ನ ಕೆಲಸ ಮಾಡಿಕೊಂಡಿರುವುದು. ಕೊನೆಯದು ಕ್ರೀಡಾಕೂಟದ ದಿನ ಮಗನ ಓಟವನ್ನು ಕಣ್ಣು ಮುಚ್ಚದೆ ನೋಡುವುದು.

ಜೊತೆಗೆ ಹುಡುಗನಿಗೆ ಕೆಲವು ಸಣ್ಣ ಸಾಧನಗಳನ್ನು ಕಲಿಸಿದರು. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು. ರಾತ್ರಿ ಮಲಗುವ ಮುನ್ನ ಕಣ್ಣು ಮುಚ್ಚಿ ಮೈದಾನದ ಪೂರ್ತಿ ಸುತ್ತನ್ನು ಮನಸ್ಸಿನಲ್ಲೇ ಓಡುವುದು. ಮಣ್ಣಿನ ವಾಸನೆ, ಕಾಲಿನ ಸದ್ದು ಎಲ್ಲ ಸೇರಿಸಿ. ‘ಅದಕ್ಕೆ ಪೆಟ್ಟಾದರೆ?’ ಎಂಬ ಮಾತು ಒಳಗೆ ಎದ್ದಾಗ ‘ಹೊಲಿಗೆ ಒಣಗಿದೆ, ವೈದ್ಯರು ನೋಡಿದ್ದಾರೆ, ಇದು ನಾಲ್ಕನೇ ಸುತ್ತು’ ಎಂದು ನಿಜದ ಮಾತಿನಿಂದ ಉತ್ತರಿಸುವುದು. ಗುರಿ ಇಟ್ಟುಕೊಳ್ಳುವಾಗ ‘ಮೊದಲ ಸ್ಥಾನ’ ಎನ್ನದೆ ‘ಕೊನೆಯ ನೂರು ಮೀಟರಿನಲ್ಲಿ ಕೈ ಹೊಟ್ಟೆಗೆ ಹೋಗಬಾರದು’ ಎಂದಿಟ್ಟುಕೊಳ್ಳುವುದು. ಮೊದಲನೆಯದು ಬೇರೆಯವರ ಕಾಲಿನಲ್ಲಿದೆ, ಎರಡನೆಯದು ತನ್ನ ಕೈಯಲ್ಲಿದೆ.

ಕಬಡ್ಡಿಯ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಿಲ್ಲ. ‘ಅದು ನಿನಗೆ ನಷ್ಟವೇ. ಬೇಜಾರು ಮಾಡಿಕೋ, ತಪ್ಪಿಲ್ಲ’ ಎಂದರು. ಮಕ್ಕಳಿಗೆ ಹೀಗೆ ನೇರವಾಗಿ ಹೇಳುವ ಧೈರ್ಯ ನಮಗೆಷ್ಟು ಜನಕ್ಕಿದೆ?

ನಮ್ಮ ತಾಲ್ಲೂಕಿನ ಋಣ

ದಾನದ ಮಾತು ಬಂದಾಗ ನಮ್ಮ ಕಡೆಯವರಿಗೆ ಒಂದು ಹೆಸರು ನೆನಪಾಗಲೇಬೇಕು. ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ನಮ್ಮ ಕಡೂರು ತಾಲ್ಲೂಕಿನವರು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ಅವರ ಮಿದುಳು ನಿಷ್ಕ್ರಿಯವಾದಾಗ ಮನೆಯವರು ಆ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದರು. ಅವರ ಅಂತ್ಯಕ್ರಿಯೆ ನಡೆದದ್ದು ಪಂಚನಹಳ್ಳಿಯಲ್ಲಿ. ಅವರ ಅಂಗಗಳನ್ನು ಪಡೆದವರು ಯಾರೆಂದು ನಮಗೆ ತಿಳಿಯದು, ತಿಳಿಯಲೂಬಾರದು. ಕರ್ನಾಟಕದಲ್ಲಿ ಈ ದಾನಗಳನ್ನು ಹೊಂದಿಸುವ ಸಂಸ್ಥೆಯ ಹೆಸರು ‘ಜೀವಸಾರ್ಥಕತೆ’.

ಪಡೆದವರ ಕಡೆಯಿಂದ ಇನ್ನೊಂದು ಹೆಸರು ಬೆಂಗಳೂರಿನ ರೀನಾ ರಾಜು. 2009ರಲ್ಲಿ ಚೆನ್ನೈನಲ್ಲಿ ಹೃದಯ ಕಸಿ, 2017ರಲ್ಲಿ ಮತ್ತೊಮ್ಮೆ ಹೃದಯ ಕಸಿ. ಅವರು ಮನೆಯಲ್ಲಿ ಕೂರದೆ ಅಂಗದಾನದ ಬಗ್ಗೆ ಊರೂರಿನಲ್ಲಿ ಮಾತಾಡಲು ಹೊರಟು, ಅದಕ್ಕಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು.

ಋಣವೆಂಬುದು ಹೊತ್ತು ಕೂರುವ ಮೂಟೆಯೋ, ನಡೆಸುವ ಶಕ್ತಿಯೋ ಎಂಬುದು ಪಡೆದವರ ಜೊತೆ ನಾವು ಆಡುವ ಮಾತಿನ ಮೇಲೂ ನಿಂತಿದೆ. ‘ನಿಮ್ಮಮ್ಮ ಕೊಟ್ಟಿದ್ದಾಳೆ, ಹುಷಾರು!’ ಎಂದು ದಿನಕ್ಕೆ ಹತ್ತು ಸಲ ಹೇಳಿದರೆ ಅದು ಮೂಟೆ. ಆ ತಾಯಿ ಅದನ್ನು ಕೊಟ್ಟದ್ದು ಮಗ ನೆರಳಿನಲ್ಲಿ ಕೂತಿರಲಿ ಎಂದಲ್ಲ.

ತಂದೆತಾಯಿಗಳಿಗೆ

ಕಸಿಯಾದ ಮಗು ಪ್ರತಿ ಶಾಲೆಯಲ್ಲೂ ಇರಲಾರದು. ಆದರೆ ಹೃದಯದ ಆಪರೇಷನ್ ಆದದ್ದು, ಉಬ್ಬಸದ್ದು, ಮೂರ್ಛೆಯದು, ಮೂಳೆ ಮುರಿದು ಕೂಡಿದ್ದು ಇದ್ದೇ ಇರುತ್ತವೆ. ಅವರನ್ನು ಆಟದಿಂದ ದೂರವಿಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಬೇಡವೆಂದವರು ವೈದ್ಯರೋ, ನಮ್ಮ ಭಯವೋ? ವೈದ್ಯರ ಬಳಿ ‘ಆಡಬಹುದೇ?’ ಎಂದಷ್ಟೇ ಕೇಳಿ ಬರಬೇಡಿ. ಯಾವ ಆಟ, ಎಷ್ಟು ಹೊತ್ತು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂದು ಕೇಳಿ, ಬರೆಸಿಕೊಂಡು ಬಂದು ಶಾಲೆಗೆ ಒಂದು ಪ್ರತಿ ಕೊಡಿ. ಕಸಿಯಾದ ಮಗುವಾದರೆ ಮಾತ್ರೆಯ ಹೊತ್ತು ಆಟಕ್ಕಾಗಿ ತಪ್ಪಬಾರದು. ನೀರು, ಟೋಪಿ ಮರೆಯಬಾರದು. ಜ್ವರ ಬಂದ ದಿನ ಆಟವಿಲ್ಲ. ದೊಡ್ಡ ಸ್ಪರ್ಧೆಗಳಿಗೆ ಹೋಗುವವರಾದರೆ, ಪ್ರೆಡ್ನಿಸೊಲೋನ್‌ನಂಥ ಮಾತ್ರೆ ಸ್ಪರ್ಧೆಯ ಕಾಲದಲ್ಲಿ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿದೆ, ಚಿಕಿತ್ಸೆಗಾಗಿ ಬೇಕೆಂದು ಮೊದಲೇ ಅನುಮತಿ ಪಡೆಯಬೇಕು.

ಕಸಿ ಮಾಡುವ ಆಸ್ಪತ್ರೆಗಳಲ್ಲಿ ಕಾಯಿದೆಯ ಪ್ರಕಾರ ಕಸಿ ಸಂಯೋಜಕರು ಇರುತ್ತಾರೆ. ಮನಸ್ಸಿನ ತೊಂದರೆಯನ್ನೂ ಅವರಲ್ಲಿ ಹೇಳಿಕೊಳ್ಳಿ, ಸಂಕೋಚ ಬೇಡ. ‘ಟೆಲಿ ಮನಸ್’ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆ 14416ರಲ್ಲಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮನಶ್ಶಾಸ್ತ್ರಜ್ಞರ ಬಳಿ ಹೋಗುವುದೆಂದರೆ ಹುಚ್ಚು ಹಿಡಿಯಿತೆಂದಲ್ಲ. ಸೈಕಲ್ ಕಲಿಯುವಾಗ ಹಿಂದಿನಿಂದ ಯಾರಾದರೂ ಸೀಟು ಹಿಡಿದುಕೊಂಡಿರುತ್ತಾರಲ್ಲ, ಅಷ್ಟೇ.

ನಮ್ಮ ಹುಡುಗ ಏಣಿ ಹತ್ತಲು ಎಂಟು ತಿಂಗಳು ತೆಗೆದುಕೊಂಡ. ನಡುವೆ ಒಮ್ಮೆ ಜ್ವರ ಬಂದು ಎರಡು ಮೆಟ್ಟಿಲು ಕೆಳಗಿಳಿದ. ತಾಯಿ ಗೇಟಿನ ಮೆಟ್ಟಿಲಿನಲ್ಲೇ ಬಹಳ ದಿನ ನಿಂತರು. ಮರುವರ್ಷದ ಕ್ರೀಡಾಕೂಟದಲ್ಲಿ 800 ಮೀಟರ್ ಓಟಕ್ಕೆ ಏಳು ಜನ ನಿಂತರು. ನಾನು ಗುರಿಗೆರೆಯ ಬಳಿ, ನನ್ನ ಪಕ್ಕದ ಕುರ್ಚಿ ಖಾಲಿ. ತಾಯಿ ಹೊಂಗೆ ಮರದ ಕೆಳಗೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಕಣ್ಣು ಮುಚ್ಚಿರಲಿಲ್ಲ. ಹುಡುಗ ಐದನೆಯವನಾಗಿ ಬಂದ. ಕೊನೆಯ ನೂರು ಮೀಟರಿನಲ್ಲಿ ಅವನ ಎರಡು ಕೈಗಳೂ ಗಾಳಿಯಲ್ಲಿ ಬೀಸುತ್ತಿದ್ದವು.

ಅವನ ಸಮಯ ಎಷ್ಟೆಂದು ಮಾತ್ರ ಕೇಳಬೇಡಿ. ಸ್ಟಾಪ್‌ವಾಚ್‌ನ ಗುಂಡಿ ಒತ್ತಲು ಮರೆತಿದ್ದೆ.

ಈ ವಾರದ ಮನೆಗೆಲಸ

ಐದು ನಿಮಿಷ ಸುಮ್ಮನೆ ಕೂತು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆಯಿರಿ. ನಿಂತಲ್ಲೇ ಒಂದು ನಿಮಿಷ ಓಡಿ. ಕೂಡಲೇ 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಒಂದು, ಎರಡು, ಮೂರು ನಿಮಿಷಗಳ ನಂತರ ಮತ್ತೆ ಎಣಿಸಿ. ನಕ್ಷಾ ಕಾಗದದಲ್ಲಿ ಗುರುತು ಹಾಕಿ ಗೆರೆ ಎಳೆಯಿರಿ. ಅದರ ಕೆಳಗೆ ಕಸಿಯಾದ ಹೃದಯದ ಗೆರೆ ಹೇಗಿರಬಹುದೆಂದು ಊಹಿಸಿ ಇನ್ನೊಂದು ಗೆರೆ ಎಳೆಯಿರಿ. ಕಾಯಿಲೆಯಿರುವ ಮಕ್ಕಳು ಕೂತು ಎಣಿಸುವ ಭಾಗವನ್ನಷ್ಟೇ ಮಾಡಿ, ಉಳಿದದ್ದನ್ನು ವೈದ್ಯರನ್ನು ಕೇಳಿ ಮಾಡಿ. ಸಮಯ ನೋಡಲು ಅವರನ್ನೇ ಕೂರಿಸಿಬಿಡಬೇಡಿ. ಒಮ್ಮೆಯಾದರೂ ಸರದಿ ಬದಲಿಸಿ.